ಎಣ್ಣೆ ಹಚ್ಚಿದರೂ ಹಿಮ್ಮಡಿ ಬಿರಿಯುವುದೇಕೆ?

ಪ್ರಶ್ನೆ: ಡಿಸೆಂಬರ್ ಬಂತೆಂದರೆ ನನ್ನ ಹಿಮ್ಮಡಿಗಳು ಒಡೆದು, ನಡೆಯುವಾಗ ನೋಯುತ್ತವೆ. ದಿನವೂ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ, ಹೆಚ್ಚು ಪ್ರಯೋಜನವಾಗಿಲ್ಲ. ಮೈಯಲ್ಲಿ ಉಷ್ಣ ಹೆಚ್ಚಾದರೆ ಹೀಗಾಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಉಷ್ಣದ ಮೇಲೆ ತಪ್ಪು ಹೊರಿಸಬೇಕಾಗಿಲ್ಲ. ಹಿಮ್ಮಡಿಯ ಚರ್ಮ ನೀರು ಕಳೆದುಕೊಂಡು ಗಡುಸಾಗಿರುವುದೇ ಮುಖ್ಯ ಕಾರಣ. ಎಣ್ಣೆ ಕೆಟ್ಟದ್ದಲ್ಲ, ಆದರೆ ಅದನ್ನು ಹಚ್ಚುವ ಹೊತ್ತು ಸರಿಯಿಲ್ಲದಿದ್ದರೆ ಅದರಿಂದ ಆಗುವ ಉಪಕಾರ ಕಡಿಮೆ.

ನಮ್ಮ ಚರ್ಮದ ಅತ್ಯಂತ ಮೇಲಿನ ಪದರ ಸತ್ತ ಜೀವಕೋಶಗಳಿಂದ ಆದದ್ದು. ಹೊರಚರ್ಮದ ತಳದಲ್ಲಿ ಹುಟ್ಟುವ ಕೋಶಗಳು ಸುಮಾರು ನಾಲ್ಕು ವಾರಗಳಲ್ಲಿ ಮೇಲೇರುತ್ತ, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು, ಕೊನೆಗೆ ಚಪ್ಪಟೆಯಾಗಿ ಉದುರಿಹೋಗುತ್ತವೆ. ಈ ಸತ್ತ ಕೋಶಗಳ ನಡುವೆ ಸೆರಮೈಡ್ ಎಂಬ ಕೊಬ್ಬಿನಂಥ ವಸ್ತು, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳು ತುಂಬಿಕೊಂಡು ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುತ್ತವೆ. ಕೋಶಗಳ ಒಳಗಿರುವ ಅಮೈನೋ ಆಮ್ಲ, ಯೂರಿಯಾ ಮುಂತಾದವು ನೀರನ್ನು ಹಿಡಿದಿಡುತ್ತವೆ. ಈ ಪದರದಲ್ಲಿ ನೀರಿನ ಅಂಶ ಶೇ. 10ಕ್ಕಿಂತ ಕೆಳಗಿಳಿದರೆ ಅದು ತನ್ನ ಮೃದುತ್ವ ಕಳೆದುಕೊಂಡು, ಬಹಳ ದಿನ ಬಿಸಿಲಿನಲ್ಲಿ ಬಿದ್ದ ತೊಗಲಿನ ಚಪ್ಪಲಿಯನ್ನು ಬಗ್ಗಿಸಿದಾಗ ಬಿರಿಯುವಂತೆ ಬಿರಿಯತೊಡಗುತ್ತದೆ.

ಹಿಮ್ಮಡಿಗೇ ಈ ಕಷ್ಟ ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುಖ, ಎದೆ, ಬೆನ್ನುಗಳಲ್ಲಿ ಇರುವ ಎಣ್ಣೆ ಗ್ರಂಥಿಗಳು ಅಂಗಾಲಿನಲ್ಲಿ ಇಲ್ಲವೇ ಇಲ್ಲ. ಬೆವರು ಗ್ರಂಥಿಗಳು ಮಾತ್ರ ದಟ್ಟವಾಗಿವೆ. ಅಲ್ಲದೆ, ಒತ್ತಡ ಮತ್ತು ತಿಕ್ಕಾಟವನ್ನು ತಾಳಿಕೊಳ್ಳಲು ಅಂಗಾಲಿನ ಸತ್ತ ಪದರ ದೇಹದ ಬೇರೆ ಭಾಗಗಳಿಗಿಂತ ಹಲವು ಪಟ್ಟು ದಪ್ಪವಾಗಿರುತ್ತದೆ. ನಿಂತಾಗ ದೇಹದ ಭಾರಕ್ಕೆ ಹಿಮ್ಮಡಿಯ ಒಳಗಿನ ಕೊಬ್ಬಿನ ಮೆತ್ತೆ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಆಗ ಅಂಚಿನ ಚರ್ಮ ಹಿಗ್ಗಬೇಕು, ಗಡುಸಾಗಿದ್ದರೆ ಹಿಗ್ಗಲಾರದೆ ಸೀಳುತ್ತದೆ. ದಿನವಿಡೀ ನಿಂತು ದುಡಿಯುವವರಲ್ಲಿ, ತೂಕ ಹೆಚ್ಚಿರುವವರಲ್ಲಿ, ಹಿಂಬದಿ ತೆರೆದ ಚಪ್ಪಲಿ ಹಾಕುವವರಲ್ಲಿ, ಬರಿಗಾಲಲ್ಲಿ ನಡೆಯುವವರಲ್ಲಿ ಈ ಬಿರುಕು ಹೆಚ್ಚಾಗಿ ಕಾಣುವುದು ಇದೇ ಕಾರಣಕ್ಕೆ. ಬಿರುಕು ಹೊರಚರ್ಮದಲ್ಲಷ್ಟೇ ಇದ್ದರೆ ರಕ್ತ ಬರುವುದಿಲ್ಲ, ಏಕೆಂದರೆ ಅಲ್ಲಿ ರಕ್ತನಾಳಗಳಿಲ್ಲ. ರಕ್ತ ಜಿನುಗಿತೆಂದರೆ ಸೀಳು ಒಳಚರ್ಮವನ್ನು ಮುಟ್ಟಿದೆ ಎಂದು ತಿಳಿಯಬೇಕು.

ಇನ್ನು ಚಳಿಗಾಲದ ಮಾತು. ಒಣಗಾಳಿ ಚರ್ಮದಿಂದ ನೀರನ್ನು ಬೇಗ ಎಳೆದುಕೊಳ್ಳುತ್ತದೆ. ಚಳಿಗೆಂದು ನಾವು ಸುಡುಸುಡು ನೀರಿನಲ್ಲಿ, ಕ್ಷಾರ ಹೆಚ್ಚಿರುವ ಸಾಬೂನಿನಲ್ಲಿ ತಿಕ್ಕಿ ತೊಳೆದಾಗ, ತಡೆಗೋಡೆಯಾಗಿರುವ ಕೊಬ್ಬಿನಂಶವೂ ಕೊಚ್ಚಿಹೋಗುತ್ತದೆ. ಒಣಗಿದ ಚರ್ಮದ ಮೇಲೆ ಎಣ್ಣೆ ಹಚ್ಚಿದರೆ ಅದು ಕಾಪಾಡಬೇಕಾದ ನೀರೇ ಅಲ್ಲಿ ಹೆಚ್ಚಾಗಿರುವುದಿಲ್ಲ. ಆದ್ದರಿಂದ ಮೊದಲು ನೀರು, ಆಮೇಲೆ ಎಣ್ಣೆ.

ರಾತ್ರಿ ಮಲಗುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಾಲುಗಳನ್ನು ಹದಿನೈದು ನಿಮಿಷ ನೆನೆಸಿ, ಪ್ಯೂಮಿಸ್ ಕಲ್ಲಿನಿಂದ ಹಗುರವಾಗಿ ಒಂದೇ ದಿಕ್ಕಿನಲ್ಲಿ ಉಜ್ಜಿ, ಬಟ್ಟೆಯಿಂದ ಒತ್ತಿ ಒರೆಸಿದ ಕೂಡಲೇ, ಚರ್ಮ ಇನ್ನೂ ತೇವವಾಗಿರುವಾಗಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ನಿಮ್ಮ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿ. ಉಜ್ಜುವುದು ಬಿರುಕಿಲ್ಲದ ದಪ್ಪ ಭಾಗವನ್ನು ಮಾತ್ರ, ಅದೂ ವಾರಕ್ಕೆ ಎರಡು ಮೂರು ಸಲ ಸಾಕು. ಚರ್ಮ ತುಂಬಾ ದಪ್ಪಗಟ್ಟಿದ್ದರೆ ಶೇ. 10ರಿಂದ 25ರವರೆಗೆ ಯೂರಿಯಾ ಇರುವ ಕ್ರೀಮ್ ಉತ್ತಮ. ಅದು ನೀರನ್ನು ಹಿಡಿಯುವುದರ ಜೊತೆಗೆ ಗಡುಸು ಪದರವನ್ನು ಸಡಿಲಿಸುತ್ತದೆ. ಹೌದು, ಗದ್ದೆಗೆ ಹಾಕುವ ಯೂರಿಯಾ ಎಂಬ ರಾಸಾಯನಿಕವೇ ಇದು. ಹಾಗೆಂದು ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ. ಸೀಳಿದ ಜಾಗಕ್ಕೆ ಹಚ್ಚಿದಾಗ ಸ್ವಲ್ಪ ಉರಿ ಸಹಜ. ಬ್ಲೇಡಿನಿಂದ ಹಿಮ್ಮಡಿ ಕೆತ್ತುವ ಅಭ್ಯಾಸವನ್ನಂತೂ ಬಿಡಲೇಬೇಕು, ಅದರಿಂದ ಗಾಯ ಮತ್ತು ಸೋಂಕು ಎರಡೂ ಆಗಬಹುದು.

ಎರಡು ಮೂರು ವಾರ ಹೀಗೆ ಮಾಡಿಯೂ ಗುಣ ಕಾಣದಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಅಂಗಾಲಿನಲ್ಲಿ ಹಿಟ್ಟು ಉದುರಿದಂತೆ ಸಿಪ್ಪೆ ಏಳುತ್ತಿದ್ದು, ಬೆರಳ ಸಂದಿಯಲ್ಲಿ ತುರಿಕೆಯೂ ಇದ್ದರೆ ಅದು ಶಿಲೀಂಧ್ರ ಸೋಂಕಾಗಿರಬಹುದು. ಸೋರಿಯಾಸಿಸ್ ಎಂಬ ಚರ್ಮರೋಗದಲ್ಲೂ ಥೈರಾಯ್ಡ್ ಕೊರತೆಯಲ್ಲೂ ಹಿಮ್ಮಡಿ ಬಿರಿಯುತ್ತದೆ. ಯಾರೋ ಹೇಳಿದರೆಂದು ಸ್ಟೀರಾಯ್ಡ್ ಇರುವ ಮುಲಾಮು ತಂದು ಹಚ್ಚಿದರೆ ಶಿಲೀಂಧ್ರ ಇನ್ನಷ್ಟು ಹರಡುತ್ತದೆ. ಸಕ್ಕರೆ ಕಾಯಿಲೆ ಇರುವವರು ಮೂರು ವಾರ ಕಾಯಬಾರದು. ಅವರ ಕಾಲಿನಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ನೀರಿನ ಬಿಸಿಯಾಗಲಿ, ಕಲ್ಲಿನ ಗೀರಾಗಲಿ ತಿಳಿಯದೆ, ಚಿಕ್ಕ ಬಿರುಕೇ ಮಾಯದ ಹುಣ್ಣಾಗಬಲ್ಲದು. ಅಂಥವರು ಕಾಲು ನೆನೆಸುವುದನ್ನೂ ಉಜ್ಜುವುದನ್ನೂ ಬಿಟ್ಟು, ಪ್ರತಿದಿನ ಪಾದ ನೋಡಿಕೊಳ್ಳುತ್ತ, ಕ್ರೀಮ್ ಮಾತ್ರ ಹಚ್ಚಿ, ಬಿರುಕು ಕಂಡ ತಕ್ಷಣ ವೈದ್ಯರ ಬಳಿ ಹೋಗಬೇಕು.