ಗಾಡಿ ಬದಲಿಸುವ ಮೊದಲು ಜಾಗ ಕೊಡಿ

‘ಸರ್, ಎಲೆಕ್ಟ್ರಿಕ್ ಗಾಡಿ ತಗೊಂಡ್ರ ಆತಲ್ರೀ?’ ಸಾಮಾನು ಸಾಗಿಸುವ ಗಾಡಿಗಳ ಹೊಗೆ ಕಡಿಮೆ ಮಾಡುವ ಮಾತು ಬಂದಾಗ ಬೆಳಗಾವಿ ಪೇಟೆಯ ವ್ಯಾಪಾರಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಒಳ್ಳೆಯದೇ, ತಗೊಳ್ಳಿ. ಆದರೆ ಆ ಗಾಡಿ ಗಣಪತಿ ಗಲ್ಲಿಯಲ್ಲಿ ಎಲ್ಲಿ ನಿಲ್ಲುತ್ತದೆ?

ಊರ ಹೊರಗಿನ ಗೋದಾಮಿನಿಂದ ಟೆಂಪೋ ಪೇಟೆಗೆ ಸಲೀಸಾಗಿ ಬರುತ್ತದೆ. ತೊಂದರೆ ಶುರುವಾಗುವುದು ಕೊನೆಯ ಗಲ್ಲಿಯಲ್ಲಿ. ಎರಡೂ ಬದಿ ಸ್ಕೂಟರ್ ಸಾಲು. ಟೆಂಪೋ ನಡುರಸ್ತೆಯಲ್ಲೇ ನಿಂತು ಸಾಮಾನು ಇಳಿಸುತ್ತದೆ. ಇಲ್ಲವೇ ಹುಡುಗನನ್ನು ಇಳಿಸಿ, ಚಾಲಕ ಸುಮ್ನೆ ಸುತ್ತು ಹೊಡೆಯುತ್ತಾನೆ. ಎಲೆಕ್ಟ್ರಿಕ್ ಗಾಡಿ ನಿಂತಾಗ ಹೊಗೆ ಬಿಡುವುದಿಲ್ಲ, ನಿಜ. ಅದರ ಹಿಂದೆ ಸಿಕ್ಕಿಬಿದ್ದ ಗಾಡಿಗಳು ಬಿಡುತ್ತವೆ.

ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ಬೆಳಗಾವಿ ಸೇರಿದ್ದು 2016ರ ಜನವರಿಯಲ್ಲಿ. ಹಳೆ ಪೇಟೆಯ ರಸ್ತೆ ಹೊಸದಾಗಿ ಮಾಡುವಾಗ ಫುಟ್‌ಪಾತ್, ದೀಪ, ಚರಂಡಿ ಎಲ್ಲರಿಗೂ ನೆನಪಾಗುತ್ತವೆ. ಸಾಮಾನು ಇಳಿಸುವ ಜಾಗ ಮರೆತುಹೋಗುತ್ತದೆ. ಗಲ್ಲಿ ಬಾಯಲ್ಲಿ ಆರು ಮೀಟರ್ ಉದ್ದ ಗುರುತು ಹಾಕಿದರೆ ಒಂದು ಸಣ್ಣ ಟೆಂಪೋ ನಿಲ್ಲುತ್ತದೆ. ಇಪ್ಪತ್ತು ನಿಮಿಷದ ಮಿತಿ ಇರಲಿ. ಅಲ್ಲಿಂದ ಒಳಗೆ ಕೈಗಾಡಿ ಸಾಕು. ರವಿವಾರ ಪೇಟೆಯ ಹಮಾಲರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

ಇನ್ನೂ ಒಳ್ಳೆಯ ದಾರಿ, ಪೇಟೆಯ ಅಂಚಿನಲ್ಲೊಂದು ಸಣ್ಣ ಗೋದಾಮು. ಅಂಗಡಿ ತೆರೆಯುವ ಮೊದಲೇ ದೊಡ್ಡ ಗಾಡಿ ಬಂದು ಇಳಿಸಿ ಹೋಗಲಿ. ಅಲ್ಲಿಂದ ಮನೆ, ಅಂಗಡಿಗಳಿಗೆ ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿ ಹೋಗಲಿ. ಅದು ಸುಮಾರು 500 ಕಿಲೋ ಹೊರುತ್ತದೆ. ದಿನದ ಓಡಾಟ ಕಡಿಮೆ ಇರುವುದರಿಂದ ರಾತ್ರಿ ಅದೇ ಗೋದಾಮಿನಲ್ಲಿ ಚಾರ್ಜ್ ಮಾಡಿದರೆ ಸಾಕು. ಸಾಮಾನಿನ ಪೆಟ್ಟಿಗೆಗೆ ಮಾತ್ರ ಗಟ್ಟಿ ಮುಚ್ಚಳ ಬೇಕು. ಜುಲೈ ತಿಂಗಳ ನಮ್ಮ ಮಳೆಗೆ ತಾಡಪಾಲು ಸಾಲದು.

ಇನ್ನೊಂದು ಪೋಲು ಯಾರ ಲೆಕ್ಕಕ್ಕೂ ಬರುವುದಿಲ್ಲ. ವಿಳಾಸ ‘ಮಾರುತಿ ಗುಡಿ ಹಿಂದೆ’ ಅಂತ ಇರುತ್ತದೆ. ಯಾವ ಮಾರುತಿ ಗುಡಿ? ಫೋನ್ ಎತ್ತುವುದಿಲ್ಲ, ಮನೆಗೆ ಬೀಗ. ಅದೇ ಪಾರ್ಸಲ್ ನಾಳೆ ಮತ್ತೆ ಹೊರಡುತ್ತದೆ. ಬಹಳ ಕಡೆ ಡೆಲಿವರಿ ಹುಡುಗರಿಗೆ, ಮುಟ್ಟಿಸಿದ ಪಾರ್ಸಲ್‌ಗಷ್ಟೇ ದುಡ್ಡು. ವ್ಯರ್ಥ ಓಡಾಟದ ಪೆಟ್ರೋಲು ಅವರ ಕಿಸೆಯಿಂದಲೇ. ಇದು ಅನ್ಯಾಯ ಅಲ್ವಾ? ಗಲ್ಲಿಯ ಕಿರಾಣಿ ಅಂಗಡಿಯಲ್ಲಿ ಇಟ್ಟು ಹೋಗಲು ಗಿರಾಕಿ ಒಪ್ಪಿದರೆ ಎರಡನೇ ಸುತ್ತೇ ಬೇಡ. ಅಂಗಡಿಯವರಿಗೆ ಪಾರ್ಸಲ್‌ಗೆ ಇಷ್ಟು ಅಂತ ಕಂಪನಿಯೇ ಕೊಡಬೇಕು.

ನಿಮ್ಮ ಗಲ್ಲಿಯಲ್ಲಿ ರಸ್ತೆ ಅಗೆಯಲು ಬಂದರೆ ಕಾರ್ಪೊರೇಟರ್ ಹತ್ತಿರ ನಕ್ಷೆ ಕೇಳಿ. ಟೆಂಪೋ ಎಲ್ಲಿ ನಿಲ್ಲುತ್ತದೆ, ಬೆರಳಿಟ್ಟು ತೋರಿಸಿ ಅನ್ನಿ. ಕಾಂಕ್ರೀಟ್ ಹಾಕುವ ಮೊದಲೇ ಕೇಳಿ.