ಅಡಿಕೆ ಸಿಪ್ಪೆ ಸುಟ್ಟರೆ ಗಾಳಿಯ ಇಂಗಾಲ ಕಡಿಮೆಯಾಗುತ್ತದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಸಣ್ಣ ಅಡಿಕೆ ತೋಟ. ಈಚೆಗೆ ಒಬ್ಬರು ಊರಿಗೆ ಬಂದಿದ್ದರು. ಅಡಿಕೆ ಸಿಪ್ಪೆ ಸುಟ್ಟು ಇದ್ದಿಲು ಮಾಡಿ ಮಣ್ಣಿಗೆ ಹಾಕಿದರೆ ಕಾರ್ಬನ್ ಕ್ರೆಡಿಟ್ ಅಂತ ದುಡ್ಡು ಬರುತ್ತದೆ ಅಂದರು. ಸುಟ್ಟರೆ ಹೊಗೆ ಬರುತ್ತದೆ. ಹೊಗೆಯಿಂದಲೇ ಭೂಮಿ ಬಿಸಿಯಾಗುತ್ತಿದೆ ಅಂತ ನೀವೇ ಬರೆಯುತ್ತೀರಿ. ಹಾಗಿದ್ದ ಮೇಲೆ ಸುಟ್ಟು ಇಂಗಾಲ ಕಡಿಮೆ ಮಾಡುವುದು ಹೇಗೆ? ಇದು ನಿಜವಾ, ಟೋಪಿ ಹಾಕುವ ಕೆಲಸವಾ?

ಉತ್ತರ: ಎರಡೂ ಆಗಬಹುದು. ಸಿಪ್ಪೆ ಎಲ್ಲಿಂದ ಬಂತು, ಹೇಗೆ ಸುಟ್ಟರು, ಇದ್ದಿಲು ಕೊನೆಗೆ ಎಲ್ಲಿಗೆ ಹೋಯಿತು ಅನ್ನುವುದರ ಮೇಲೆ ಅದು ನಿಂತಿದೆ. ಕಾರ್ಬನ್ ಕ್ರೆಡಿಟ್ ಅಂದರೆ ಗಾಳಿಯ ಇಂಗಾಲ ಕಡಿಮೆ ಮಾಡಿದ್ದಕ್ಕೆ ಸಿಗುವ ಚೀಟಿ, ಹೊಗೆ ಬಿಡುವ ಕಂಪನಿಗಳು ತಮ್ಮ ಲೆಕ್ಕ ಸರಿತೂಗಿಸಲು ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತವೆ. ಮೊದಲು ನಿಮ್ಮ ಹೊಗೆಯ ಅನುಮಾನಕ್ಕೆ ಬರುತ್ತೇನೆ. ಅದು ಸರಿಯಾದ ಅನುಮಾನ.

ನಿಮ್ಮ ಮನೆಯ ಬಚ್ಚಲ ಒಲೆ ನೋಡಿ. ರಾತ್ರಿ ಉರಿಯನ್ನು ಹಾಗೇ ಬಿಟ್ಟರೆ ಬೆಳಗ್ಗೆ ಸಿಗುವುದು ಬೂದಿ. ಅದೇ ಕೆಂಡಕ್ಕೆ ನೀರು ಚಿಮುಕಿಸಿ ಆರಿಸಿದರೆ ಸಿಗುವುದು ಇದ್ದಿಲು. ಹಿಂದೆ ಇಸ್ತ್ರಿ ಪೆಟ್ಟಿಗೆಗೆ, ಹಲ್ಲುಜ್ಜಲು ಅಂತ ಅಜ್ಜಿಯಂದಿರು ಹೀಗೇ ಇದ್ದಿಲು ಕೂಡಿಡುತ್ತಿದ್ದರು. ಬೂದಿಯಲ್ಲಿ ಇಂಗಾಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದೆಲ್ಲ ಗಾಳಿಗೆ ಹೋಗಿ ಆಗಿದೆ. ಇದ್ದಿಲಿನಲ್ಲಿ ಬಹುಪಾಲು ಇರುವುದೇ ಇಂಗಾಲ. ನಮ್ಮ ಪದವೇ ಅದನ್ನು ಹೇಳುತ್ತದೆ: ಹಳೆಯ ಕನ್ನಡದಲ್ಲಿ ಇಂಗಳ ಅಂದರೆ ಕೆಂಡ. ಹವಾಮಾನ ಬದಲಾವಣೆ ಅಂತ ದೊಡ್ಡ ಪರದೆ ಹಾಕಿ ಗ್ರಾಫು ತೋರಿಸುವವರು ಒಲೆ ಮುಂದೆ ಒಂದು ಹೊತ್ತು ಕೂತು ಮಾತಾಡಿದ್ದರೆ ಈ ವಿಷಯ ಊರಿಗೆ ಎಂದೋ ಮುಟ್ಟುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಸಿಪ್ಪೆಯಲ್ಲಿರುವ ಇಂಗಾಲ ಬಂದಿದ್ದು ಗಾಳಿಯಿಂದ. ಅಡಿಕೆ ಮರ ಎಲೆಯ ಮೂಲಕ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಬಿಸಿಲಿನ ಬಲದಿಂದ ಅದನ್ನೇ ಕಾಯಿ, ಸಿಪ್ಪೆ, ಸೋಗೆ ಮಾಡಿಕೊಂಡಿದೆ. ಸಿಪ್ಪೆಯನ್ನು ಕೊಳೆಯಲು ಬಿಟ್ಟರೆ ಕೆಲವು ವರ್ಷಗಳಲ್ಲಿ ಆ ಇಂಗಾಲದ ಬಹುಪಾಲು ವಾಪಸ್ ಗಾಳಿಗೆ. ಬೆಂಕಿ ಹಾಕಿದರೆ ಒಂದೇ ದಿನದಲ್ಲಿ ವಾಪಸ್. ಆದರೆ ಗಾಳಿ ಹೆಚ್ಚು ಆಡದ ಹಾಗೆ ಬಿಸಿ ಮಾಡಿ, ಸರಿಯಾದ ಹೊತ್ತಿಗೆ ಆರಿಸಿದರೆ ಸುಮಾರು ಅರ್ಧ ಇಂಗಾಲ ಇದ್ದಿಲಾಗಿ ಉಳಿಯುತ್ತದೆ. ಮಣ್ಣಿನ ಜೀವಿಗಳಿಗೆ ಅದನ್ನು ತಿಂದು ಅರಗಿಸುವುದು ಬಹಳ ಕಷ್ಟ. ಹಾಗಾಗಿ ಅದು ನೂರಾರು ವರ್ಷ ಮಣ್ಣಲ್ಲೇ ಕೂರುತ್ತದೆ. ಅಮೆಜಾನ್ ಕಾಡಿನ ಕೆಲವು ಕಡೆ ಕಪ್ಪು ಮಣ್ಣಿನ ತುಂಡುಗಳಿವೆ. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಬದುಕಿದ್ದ ಜನ ಬಿಟ್ಟ ಇದ್ದಿಲು ಇವತ್ತಿಗೂ ಆ ಮಣ್ಣಲ್ಲಿದೆ. ಅಲ್ಲಿ ಬೀಳುವ ಮಳೆ ನಮ್ಮ ಆಗುಂಬೆಯವರಿಗೆ ಹೊಸದೇನಲ್ಲ. ಅಷ್ಟು ಮಳೆಗೂ ಅದು ಕರಗಿ ಹೋಗಿಲ್ಲ.

ಉಳಿದ ಅರ್ಧ ಉರಿಯಾಗಿ ಹೋಗುತ್ತದಲ್ವಾ ಅಂತ ಕೇಳಬಹುದು. ಹೋಗುತ್ತದೆ. ಆದರೆ ಅದು ಹೇಗಿದ್ದರೂ ಹೋಗುವುದೇ ಆಗಿತ್ತು. ನಾವು ಹಿಡಿದಿಟ್ಟಿದ್ದು ಇನ್ನರ್ಧವನ್ನು. ಅಂದರೆ ಸುಡುವುದರಿಂದ ಇಂಗಾಲ ಕಡಿಮೆಯಾಗುವುದಿಲ್ಲ. ಪೂರ್ತಿ ಸುಡಲು ಬಿಡದೆ ಇರುವುದರಿಂದ ಕಡಿಮೆಯಾಗುತ್ತದೆ. ಈ ಇದ್ದಿಲಿಗೇ ಬಯೋಚಾರ್ ಅಂತ ಹೆಸರಿಟ್ಟಿದ್ದಾರೆ.

ಇನ್ನು ಹೊಗೆ. ಇಲ್ಲಿ ನಾನು ಕೈ ಸುಟ್ಟುಕೊಂಡ ಕಥೆ ಹೇಳಲೇಬೇಕು. ಒಂದು ವರ್ಷ ಅಡಿಕೆ ಗೊನೆ ಕೊಯ್ಲು ಮುಗಿದ ಮೇಲೆ ಮನೆ ಹಿಂದೆ ಶಂಕುವಿನ ಆಕಾರದ ಗುಂಡಿ ತೋಡಿದೆ. ಮೇಲೆ ಅಗಲ, ಕೆಳಗೆ ಕಿರಿದು. ತಳದಲ್ಲಿ ಬೆಂಕಿ ಹಚ್ಚಿ, ಉರಿ ಚೆನ್ನಾಗಿ ಎದ್ದ ಮೇಲೆ ಒಂದು ಪದರ ಸಿಪ್ಪೆ, ಅದು ಕೆಂಪಾಗಿ ಮೇಲೆ ಬಿಳಿ ಬೂದಿ ಕಾಣಿಸುವ ಹೊತ್ತಿಗೆ ಇನ್ನೊಂದು ಪದರ, ಹೀಗೆ ಹಾಕುತ್ತಾ ಹೋಗಬೇಕು. ಮೇಲಿನ ಉರಿ ಗಾಳಿಯಲ್ಲಿರುವ ಆಮ್ಲಜನಕವನ್ನೆಲ್ಲ ತಾನೇ ತಿಂದುಬಿಡುತ್ತದೆ. ಕೆಳಗಿನ ಪದರಕ್ಕೆ ಅದು ಸಿಗುವುದಿಲ್ಲ, ಹಾಗಾಗಿ ಅಲ್ಲಿ ಇದ್ದಿಲು ಉಳಿಯುತ್ತದೆ. ಕೆಳಗಿನಿಂದ ಏಳುವ ಹೊಗೆಯೂ ಆ ಉರಿಯಲ್ಲೇ ಸುಟ್ಟುಹೋಗುತ್ತದೆ. ಕೊನೆಗೆ ಬೇಕಾದಷ್ಟು ನೀರು ಹಾಕಿ ಆರಿಸಬೇಕು. ಓದುವಾಗ ಸುಲಭ ಕಂಡಿತು. ನನ್ನ ಸಿಪ್ಪೆ ರಾತ್ರಿ ಇಬ್ಬನಿ ಕುಡಿದು ಕೂತಿತ್ತು. ನಾರು ನಾರಾದ ಅಡಿಕೆ ಸಿಪ್ಪೆ ನೀರು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಉರಿ ಏಳಲಿಲ್ಲ, ಹೊಗೆ ಎದ್ದಿತು. ಇಡೀ ಕೇರಿಗೆ ಹೊಗೆ. ಒಗೆದು ಹಾಕಿದ್ದ ಬಟ್ಟೆ ಎತ್ತಿಕೊಂಡು ಓಡಿದ ಪಕ್ಕದ ಮನೆಯವರು ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಧ್ಯಾಹ್ನ ಗುಂಡಿ ಕೆದಕಿ ನೋಡಿದರೆ ಅರ್ಧ ಬೂದಿ, ಅರ್ಧ ಹಸಿ ಸಿಪ್ಪೆ.

ಅವತ್ತು ನಾನು ಹವಾಮಾನಕ್ಕೆ ಉಪಕಾರ ಮಾಡಲಿಲ್ಲ, ಅಪಕಾರವನ್ನೇ ಮಾಡಿದೆ. ಉರಿಯಿಲ್ಲದೆ ಹೊಗೆಯಾಡುವ ಬೆಂಕಿಯಲ್ಲಿ ಮೀಥೇನ್ ಹುಟ್ಟುತ್ತದೆ. 100 ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಇದ್ದಿಲಿನಿಂದ ಉಳಿಸಿದ್ದನ್ನು ಹೊಗೆ ತಿಂದುಹಾಕಬಹುದು. ಹಾಗಾಗಿ ಹೊಗೆಯ ಬಗ್ಗೆ ನಿಮಗೆ ಬಂದ ಅನುಮಾನ ಅರ್ಧ ಸರಿ. ಸರಿಯಾಗಿ ಮಾಡಿದ ಇದ್ದಿಲು ಗೂಡಿನಲ್ಲಿ ಉರಿ ಕಾಣುತ್ತದೆ, ಹೊಗೆ ಕಾಣುವುದಿಲ್ಲ. ಹೊಗೆ ಕಂಡರೆ ಕೆಲಸ ಕೆಟ್ಟಿದೆ ಅಂತಲೇ ಅರ್ಥ.

ಯಾವ ಸಿಪ್ಪೆ ಅನ್ನುವುದು ಇನ್ನೂ ಮುಖ್ಯ. ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ. ಭದ್ರಾವತಿಯಿಂದ ಚನ್ನಗಿರಿ ಕಡೆಗೋ, ಶಿವಮೊಗ್ಗದಿಂದ ಹೊನ್ನಾಳಿ ಕಡೆಗೋ ಸುಲಿಯುವ ಕಾಲದಲ್ಲಿ ಹೋದರೆ ರಸ್ತೆ ಬದಿಯಲ್ಲಿ ಸಿಪ್ಪೆ ಸುರಿದಿರುತ್ತದೆ. ಯಾರೋ ಬೆಂಕಿ ಹಾಕುತ್ತಾರೆ. ದಿನಗಟ್ಟಲೆ ಅದು ಹೊಗೆಯಾಡುತ್ತದೆ, ಬೈಕಿನಲ್ಲಿ ಹೋಗುವವರ ಕಣ್ಣು ಉರಿಯುತ್ತದೆ. ಆ ಸಿಪ್ಪೆಯಿಂದ ಇದ್ದಿಲು ಮಾಡಿದರೆ ಎರಡು ಲಾಭ. ಹೊಗೆ ತಪ್ಪಿತು, ಇಂಗಾಲವೂ ಉಳಿಯಿತು. ಇದರಲ್ಲಿ ನನಗೆ ತಕರಾರೇ ಇಲ್ಲ.

ಆದರೆ ನಿಮ್ಮ ತೋಟದ ಬುಡಕ್ಕೆ ಹಾಕುತ್ತಿದ್ದ ಸಿಪ್ಪೆ? ಅಲ್ಲಿ ಅದು ಬೇಸಿಗೆಯಲ್ಲಿ ತೇವ ಕಾಯುತ್ತಿತ್ತು, ನಿಧಾನಕ್ಕೆ ಗೊಬ್ಬರ ಆಗುತ್ತಿತ್ತು. ಅದನ್ನು ಎತ್ತಿ ಸುಟ್ಟರೆ ಪೊಟ್ಯಾಷ್ ಇದ್ದಿಲಿನಲ್ಲಿ ಉಳಿದೀತು, ಸಾರಜನಕ ಬಹಳಷ್ಟು ಹೋಗುತ್ತದೆ. ಮುಚ್ಚಿಗೆಗೆ ಬೇರೇನಾದರೂ ತರಬೇಕು, ಅಂದರೆ ಸೊಪ್ಪಿನ ಬೆಟ್ಟಕ್ಕೆ ಇನ್ನೂ ನಾಲ್ಕು ಹೊರೆ ದರಗು, ಅಂದರೆ ಒಣ ಎಲೆ, ತರಲು ಹೋಗಬೇಕು. ಬಚ್ಚಲ ಒಲೆಗೆ ಹಾಕುತ್ತಿದ್ದ ಸಿಪ್ಪೆಯಾದರೆ ಅದರ ಬದಲಿಗೆ ಕಟ್ಟಿಗೆ ಎಲ್ಲಿಂದ ಬರುತ್ತದೆ? ಈ ಲೆಕ್ಕ ಕ್ರೆಡಿಟ್ ಮಾರುವವರ ಕಾಗದದಲ್ಲಿ ಇರಬೇಕು. ಇಲ್ಲದಿದ್ದರೆ ಅದು ಅರ್ಧ ಲೆಕ್ಕ.

ಇದ್ದಿಲಿಗೆ ಬೆಲೆ ಬಂದಾಗ ಏನಾಗುತ್ತದೆ ಅಂತ ನಮ್ಮ ಜಿಲ್ಲೆಗೆ ಮೊದಲೇ ಗೊತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಮೈಸೂರು ಸಂಸ್ಥಾನ ಕೈ ಹಾಕಿದ್ದು 1918ರಲ್ಲಿ, ಕುಲುಮೆ ಉರಿದಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡು ಇತ್ತು. ಹಾಗಾಗಿ ಮಲೆನಾಡಿನ ಮರ ಕಡಿದು, ಇದ್ದಿಲು ಮಾಡಿ, ಅದರಿಂದಲೇ ಕಬ್ಬಿಣ ಕರಗಿಸಿದರು. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಅದನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆದರೆ ಇದ್ದಿಲಿಗೆ ದಿನಾ ಗಿರಾಕಿ ಇದ್ದರೆ ಸಿಪ್ಪೆ ಖಾಲಿಯಾದ ಮೇಲೆ ಕಣ್ಣು ಎತ್ತ ಹೋಗುತ್ತದೆ ಅನ್ನುವುದನ್ನು ನಾವು ಊಹಿಸಬೇಕಾಗಿಲ್ಲ. ಆಮೇಲೆ ಕಾಗದದ ಕಾರ್ಖಾನೆಗೆ ಅಂತ ಗುಡ್ಡಗಳಲ್ಲಿ ಅಕೇಶಿಯಾ ಮರ ನೆಟ್ಟ ಕಥೆಯೂ ನಿಮಗೆ ಗೊತ್ತೇ ಇದೆ. ಯಾರಾದರೂ ಇದ್ದಿಲಿಗೋಸ್ಕರವೇ ಮರ ಬೆಳೆಸೋಣ ಅಂತ ಬಂದರೆ ಕಾಫಿ ಕೊಟ್ಟು ಕಳಿಸಿ. ಇಂಥ ಯೋಜನೆಗಳಿಗೆ ನಿಯಮ ಬರೆಯುವ ವೆರ್ರಾ ಅನ್ನುವ ಸಂಸ್ಥೆ 2022ರಲ್ಲಿ ತಂದ ಬಯೋಚಾರ್ ನಿಯಮ ತ್ಯಾಜ್ಯದಿಂದ ಮಾಡಿದ ಇದ್ದಿಲನ್ನಷ್ಟೇ ಒಪ್ಪಿತ್ತು. ಅದಕ್ಕೂ ಕಾರಣ ಇದೇ ಭಯ.

ಈಗ ದುಡ್ಡು. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ಒಂದು ಟನ್ ಚೆನ್ನಾಗಿ ಒಣಗಿದ ಸಿಪ್ಪೆಯಿಂದ ಹೆಚ್ಚೆಂದರೆ 300 ಕಿಲೋ ಇದ್ದಿಲು ಬಂತು ಅನ್ನಿ. ಅದರಲ್ಲಿ ಇಂಗಾಲ ಸುಮಾರು 200 ಕಿಲೋ. ಒಂದು ಕಿಲೋ ಇಂಗಾಲ ಗಾಳಿಯಲ್ಲಿದ್ದಾಗ 3.67 ಕಿಲೋ ಡೈಆಕ್ಸೈಡ್ ಆಗಿರುತ್ತದೆ. ಗುಣಿಸಿದರೆ 730 ಕಿಲೋ ಚಿಲ್ಲರೆ. ಮುಂದೆ ನಿಧಾನಕ್ಕೆ ಹಾಳಾಗುವ ಪಾಲು, ಗೂಡಿನ ಹೊಗೆ, ಸಾಗಣೆಯ ಡೀಸೆಲ್ ಎಲ್ಲ ಕಳೆದರೆ ಅರ್ಧ ಟನ್ ಆಸುಪಾಸು ಉಳಿದೀತು. ಅಂದರೆ ಅರ್ಧ ಕ್ರೆಡಿಟ್. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೋ ಡೈಆಕ್ಸೈಡ್ ಬರುತ್ತದೆ. ಹಾಗಾಗಿ ಇಷ್ಟು ದೊಡ್ಡ ಸಿಪ್ಪೆ ರಾಶಿಯಿಂದ ಉಳಿದಿದ್ದು 200 ಚಿಲ್ಲರೆ ಲೀಟರ್ ಪೆಟ್ರೋಲಿನ ಲೆಕ್ಕ. 50 ಮೈಲೇಜಿನ ಬೈಕಿನಲ್ಲಿ 10 ಸಾವಿರ ಕಿಲೋಮೀಟರ್. ಕಡಿಮೆಯೇನಲ್ಲ, ಪವಾಡವೂ ಅಲ್ಲ.

ಬಯೋಚಾರ್ ಕ್ರೆಡಿಟ್ ಈಚಿನ ವರ್ಷಗಳಲ್ಲಿ ಟನ್ನಿಗೆ 100 ಡಾಲರ್ ಮೇಲೆ ಹೋಗುತ್ತಿದೆ. ಕೊಳ್ಳುವವರೂ ಸಣ್ಣವರಲ್ಲ. 2025ರ ಜನವರಿಯಲ್ಲಿ ಗೂಗಲ್ ಕಂಪನಿಯು ನಮ್ಮ ದೇಶದ ವರಾಹ ಅನ್ನುವ ಕಂಪನಿಯಿಂದ 2030ರೊಳಗೆ 1 ಲಕ್ಷ ಟನ್ ಕ್ರೆಡಿಟ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಇದ್ದಿಲು ಮಾಡುವುದು ಗುಜರಾತಿನ ಬಳ್ಳಾರಿ ಜಾಲಿಯಿಂದ. ಆದರೆ 100 ಡಾಲರ್ ಅಂತ ಕೇಳಿ ಯಾರೂ ಕುಣಿಯಬೇಡಿ. ಆ ದುಡ್ಡಿನಲ್ಲಿ ಗೂಡು, ಕೂಲಿ, ಲ್ಯಾಬ್ ಪರೀಕ್ಷೆ, ಬಂದು ನೋಡಿ ಒಪ್ಪುವ ಲೆಕ್ಕಿಗರ ಖರ್ಚು, ಮಧ್ಯದವರ ಪಾಲು ಎಲ್ಲ ಕಳೆಯಬೇಕು. ಒಂದು ಟನ್ ಒಣ ಸಿಪ್ಪೆ ಅಂದರೆ ಅಂಗಳ ತುಂಬುವ ರಾಶಿ. ಕೊಯ್ಲಿನ ಕಾಲದಲ್ಲಿ ಗೊನೆ ಹಿಡಿಯಲೇ ಆಳು ಸಿಗುವುದಿಲ್ಲ, ಇದಕ್ಕೆ ಯಾರು ಬರುತ್ತಾರೆ? ಒಂಟಿ ರೈತನಿಗೆ ಇದು ಗಿಟ್ಟುವ ವ್ಯವಹಾರ ಅಂತ ನನಗೆ ಕಾಣುವುದಿಲ್ಲ. ಸುಲಿಯುವ ಯಂತ್ರ ಇಟ್ಟುಕೊಂಡವರು, ಸೊಸೈಟಿಗಳು, ಅಂದರೆ ಒಂದೇ ಕಡೆ ರಾಶಿ ಸಿಪ್ಪೆ ಬೀಳುವ ಜಾಗದವರು ಮಾಡಿದರೆ ಬೇರೆ ಮಾತು.

ನಿಮಗೆ ಕೈಗೆ ಸಿಗುವ ಲಾಭ ಮಣ್ಣಿನದು. ನಮ್ಮದು ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋದ ಹುಳಿ ಮಣ್ಣು. ಇದ್ದಿಲು ಸಾಮಾನ್ಯವಾಗಿ ಕ್ಷಾರ. ಹಾಗಾಗಿ ಇಂಥ ಮಣ್ಣಿಗೆ ಅದು ಹೊಂದುತ್ತದೆ, ನೀರು ಗೊಬ್ಬರ ಹಿಡಿದಿಡಲೂ ನೆರವಾಗುತ್ತದೆ. ಒಂದೇ ಎಚ್ಚರಿಕೆ. ಒಣ ಇದ್ದಿಲನ್ನು ಸುಮ್ನೆ ಎರಚಬೇಡಿ. ಅದು ಖಾಲಿ ಹೊಟ್ಟೆಯದು. ಮೊದಲು ತಾನೇ ಗೊಬ್ಬರದ ಸತ್ವ ಹೀರಿಕೊಳ್ಳುತ್ತದೆ. ಸ್ಲರಿಯಲ್ಲೋ ಗಂಜಲದಲ್ಲೋ ಒಂದೆರಡು ವಾರ ನೆನೆಸಿ, ಗೊಬ್ಬರದ ಜೊತೆ ಕಲೆಸಿ ಹಾಕಿ.

ಇದೆಲ್ಲ ಮಾಡಿದರೆ ಹವಾಮಾನ ಸರಿಹೋಗುತ್ತದಾ ಅಂತ ಕೇಳಿದರೆ ನೇರವಾಗಿ ಹೇಳುತ್ತೇನೆ, ಇಲ್ಲ. ಜಗತ್ತು ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಡುತ್ತಿದೆ. ಕಾಡು, ಮರ ಬಿಟ್ಟು ಬಯೋಚಾರ್ ಥರದ ಹೊಸ ದಾರಿಗಳೆಲ್ಲ ಸೇರಿ ತೆಗೆಯುತ್ತಿರುವುದು 2024ರ ಲೆಕ್ಕದ ಪ್ರಕಾರ ವರ್ಷಕ್ಕೆ 13 ಲಕ್ಷ ಟನ್. ಬಿಡುವ 30 ಸಾವಿರ ಟನ್ನಿಗೆ ತೆಗೆಯುವುದು ಒಂದು ಟನ್. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ಪಾತ್ರೆ ಬೇಕು. ಸಿಮೆಂಟು, ವಿಮಾನದ ಥರ ಬೇಗ ನಿಲ್ಲಿಸಲಾಗದ ಸೋರಿಕೆಗೆ ಅದು ಬೇಕೇ ಬೇಕು ಅಂತ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯೂ 2022ರಲ್ಲಿ ಹೇಳಿದೆ. ಹಾಗಂತ ಹಂಚು ಹೊದಿಸುವುದನ್ನು ಬಿಟ್ಟು ಪಾತ್ರೆ ಕೊಳ್ಳುತ್ತಾ ಕೂತರೆ ಮಳೆಗಾಲ ಕಾಯುತ್ತದಾ? ಕಲ್ಲಿದ್ದಲು ಸುಡುತ್ತಲೇ ಇದ್ದು, ನಿಮ್ಮ ಸಿಪ್ಪೆಯ ಕ್ರೆಡಿಟ್ ತೋರಿಸಿ ನಾವು ಶುದ್ಧ ಅನ್ನುವ ಕಂಪನಿಗೆ ನೀವು ಇದ್ದಿಲು ಮಾಡಿಕೊಟ್ಟ ಹಾಗಾಗಬಾರದು.

ಹಾಗಾಗಿ ಆ ಮನುಷ್ಯ ಮತ್ತೆ ಬಂದರೆ ಕೂರಿಸಿ ಮಾತಾಡಿ. ಕ್ರೆಡಿಟ್ ಯಾರು ಕೊಳ್ಳುತ್ತಾರೆ, ಯಾವ ನಿಯಮದ ಕೆಳಗೆ ನೋಂದಣಿ ಆಗಿದೆ, ದುಡ್ಡು ಯಾವಾಗ ಎಷ್ಟು ಅಂತ ಕೇಳಿ. ಕನ್ನಡದಲ್ಲಿ ಬರೆದ ಒಪ್ಪಂದ ಇಲ್ಲದೆ ಸಹಿ ಹಾಕಬೇಡಿ. ಇದ್ದಿಲು ನಿಮ್ಮ ತೋಟಕ್ಕೇ ಬರುತ್ತದಾ, ಲಾರಿಯಲ್ಲಿ ಹೊರಗೆ ಹೋಗುತ್ತದಾ ಅಂತ ಕೇಳಿ. ಅದು ಯಾವುದೋ ಬಾಯ್ಲರಿಗೆ ಹೋಗಿ ಉರಿದರೆ ಇಂಗಾಲ ವಾಪಸ್ ಗಾಳಿಗೆ ಹೋಯಿತು, ಕ್ರೆಡಿಟ್ ಸುಳ್ಳಾಯಿತು. ಇದ್ದಿಲಿನ ಲ್ಯಾಬ್ ವರದಿ ತೋರಿಸಲು ಹೇಳಿ. ಅದರಲ್ಲಿ ಜಲಜನಕ ಮತ್ತು ಇಂಗಾಲದ ಪರಮಾಣು ಅನುಪಾತ 0.7ಕ್ಕಿಂತ ಕಡಿಮೆ ಇರಬೇಕು. ಅದು ಎಷ್ಟು ಕಡಿಮೆಯೋ ಇದ್ದಿಲು ಮಣ್ಣಲ್ಲಿ ಅಷ್ಟು ಬಾಳುತ್ತದೆ.

ಇಷ್ಟಕ್ಕೂ ಉತ್ತರ ಸಿಕ್ಕರೆ, ಅವರ ಗೂಡು ಎಲ್ಲಿ ಉರಿಯುತ್ತಿದೆ ಅಂತ ಕೇಳಿಕೊಂಡು ಒಂದು ದಿನ ಹೇಳದೆ ಹೋಗಿ. ಬೆಳಗ್ಗೆ ಬೇಗ ಹೋಗಿ, ಇಬ್ಬನಿ ಇನ್ನೂ ಆರಿರದ ಹೊತ್ತಿಗೆ. ದೂರದಿಂದಲೇ ಹೊಗೆ ಕಂಡರೆ ಗೂಡಿನವರೆಗೂ ನಡೆಯಬೇಕಾಗಿಲ್ಲ.