ಮೊಟ್ಟೆಯ ಮೇಲಿನ ಮೊದಲ ಅಂಕಿ

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಅಂಗಡಿಗೆ ಬರುವ ಮೊಟ್ಟೆಯ ಚಿಪ್ಪಿನ ಮೇಲೆ ಪುಟ್ಟದೊಂದು ಮೊಹರು ಇರುತ್ತದೆ. ಮೊದಲು ಒಂದು ಅಂಕಿ, ಆಮೇಲೆ ದೇಶದ ಎರಡಕ್ಷರ, ಅದರ ಹಿಂದೆ ಸಾಕಣೆ ಕೇಂದ್ರದ ಗುರುತು. ಅಂಕಿ 0 ಆಗಿದ್ದರೆ ಕೋಳಿ ಸಾವಯವ ಪದ್ಧತಿಯಲ್ಲಿ ಬೆಳೆದದ್ದು. 1 ಅಂದರೆ ಹೊರಗೆ ಬಯಲಿಗೆ ಹೋಗಿಬರುತ್ತಿದ್ದದ್ದು, 2 ಅಂದರೆ ಶೆಡ್ಡಿನೊಳಗೇ ಇದ್ದರೂ ಪಂಜರವಿಲ್ಲದ್ದು, 3 ಅಂದರೆ ಪಂಜರದ್ದು. 2004ರಿಂದ ಇದು ಕಡ್ಡಾಯ. ಇದೇ ಮೊಟ್ಟೆಯನ್ನು ಒಡೆದು ಪ್ರಯೋಗಾಲಯಕ್ಕೆ ಕೊಟ್ಟರೆ ಪ್ರೋಟೀನ್ ಎಷ್ಟು, ಕೊಬ್ಬೆಷ್ಟು ಎಂದು ಲೆಕ್ಕ ಹಾಕಿ ಕೊಡುತ್ತಾರೆ. ಆದರೆ ಅದನ್ನಿಟ್ಟ ಕೋಳಿಗೆ ರೆಕ್ಕೆ ಬಿಚ್ಚುವಷ್ಟು ಜಾಗ ಇತ್ತೋ ಇಲ್ಲವೋ ಎಂಬುದು ಆ ವರದಿಯಲ್ಲಿ ಸಿಗುವುದಿಲ್ಲ.

ಆಹಾರದ ಲೇಬಲ್ ಬಗ್ಗೆ ನಡೆಯುವ ಹೆಚ್ಚಿನ ಜಗಳಗಳ ಗಂಟು ಇರುವುದು ಇಲ್ಲೇ. ಇದರೊಳಗೆ ಏನಿದೆ ಎಂಬುದು ಒಂದು ಪ್ರಶ್ನೆ, ಇದನ್ನು ಹೇಗೆ ಬೆಳೆದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯಂತ್ರ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಬಹುಪಾಲು ಕಾಗದಪತ್ರವೇ ಗತಿ: ಯಾವ ಬೀಜ, ಯಾವ ಹೊಲ, ಯಾವ ಗೋದಾಮು, ಯಾವ ಲಾರಿ.

ಕುಲಾಂತರಿ ಬೆಳೆಗಳ, ಅಂದರೆ ಹೊರಗಿನ ಜೀನ್ ಸೇರಿಸಿ ಮಾಡಿದ ಬೆಳೆಗಳ ವಿಷಯದಲ್ಲಿ ಈ ಎರಡು ಪ್ರಶ್ನೆಗಳು ಹೇಗೆ ಕಲಸಿಹೋಗುತ್ತವೆ ನೋಡಿ. ಕುಲಾಂತರಿ ಸೋಯಾ ಕಾಳನ್ನು ಪುಡಿ ಮಾಡಿ ಡಿಎನ್‌ಎ ತೆಗೆದು, ಬೇಕಾದ ತುಣುಕನ್ನು ಹುಡುಕಿ ತೋರಿಸುವ ಪಿಸಿಆರ್ ಪರೀಕ್ಷೆ ಮಾಡಿದರೆ, ಹೊರಗಿನಿಂದ ಸೇರಿಸಿದ ಜೀನ್ ಸುಲಭವಾಗಿ ಸಿಕ್ಕಿಬೀಳುತ್ತದೆ. ಹೂಕೋಸಿಗೆ ರೋಗ ತರುವ ಒಂದು ವೈರಸ್‌ನಿಂದ ತೆಗೆದ ತುಣುಕನ್ನು ಎಷ್ಟೋ ಕುಲಾಂತರಿ ತಳಿಗಳಲ್ಲಿ ಜೀನಿನ ಸ್ವಿಚ್ಚಾಗಿ ಬಳಸಿದ್ದಾರೆ. ಪರೀಕ್ಷಕರು ಮೊದಲು ಹುಡುಕುವುದೇ ಅದನ್ನು. ಅದೇ ಕಾಳಿನಿಂದ ಎಣ್ಣೆ ತೆಗೆದು ಚೆನ್ನಾಗಿ ಶುದ್ಧೀಕರಿಸಿದ ಮೇಲೆ ಹುಡುಕಲು ಡಿಎನ್‌ಎ ಉಳಿದಿರುವುದೇ ಇಲ್ಲ ಎನ್ನಬಹುದು. ಕುಲಾಂತರಿ ಬೀಟಿನ ಸಕ್ಕರೆಯೂ ಹಾಗೆಯೇ. ಅದರ ಸುಕ್ರೋಸ್ ಅಣುವಿಗೂ ಬೇರೆ ಬೀಟಿನ ಸುಕ್ರೋಸ್ ಅಣುವಿಗೂ ಯಾವ ವ್ಯತ್ಯಾಸವೂ ಇಲ್ಲ.

ಹಾಗಾದರೆ ಆ ಎಣ್ಣೆಯ ಮೇಲೆ ಕುಲಾಂತರಿ ಎಂದು ಬರೆಯಬೇಕೋ ಬೇಡವೋ? ಯುರೋಪಿಯನ್ ಒಕ್ಕೂಟದ 2003ರ ನಿಯಮ ಬರೆಯಲೇಬೇಕು ಎನ್ನುತ್ತದೆ, ಏಕೆಂದರೆ ಅದು ಕೇಳುವುದು ಬೆಳೆದ ಬಗೆಯನ್ನು. ಅಮೆರಿಕದ ನಿಯಮಕ್ಕೆ 2016ರಲ್ಲಿ ಕಾನೂನಿನ ಬುನಾದಿ ಬಿದ್ದು, 2022ರ ಜನವರಿ 1ರಿಂದ ಅದು ಪೂರ್ತಿ ಕಡ್ಡಾಯವಾಯಿತು. ಅಲ್ಲಿ ಬದಲಾದ ಜೀನ್ ಪತ್ತೆಯಾಗದಿದ್ದರೆ ಬರೆಯಬೇಕಾಗಿಲ್ಲ. ಆಕಸ್ಮಿಕವಾಗಿ ಬೆರೆತದ್ದಕ್ಕೆ ಕೊಟ್ಟಿರುವ ವಿನಾಯಿತಿಯೂ ಬೇರೆ ಬೇರೆ: ಯುರೋಪಿನಲ್ಲಿ ಪ್ರತಿ ಘಟಕಾಂಶದ ಶೇ. 0.9ರವರೆಗೆ, ಅಮೆರಿಕದಲ್ಲಿ ಶೇ. 5ರವರೆಗೆ. ಒಂದೇ ಬಾಟಲಿ ಸಾಗರ ದಾಟಿದರೆ ಅದರ ಮೇಲಿನ ಮಾತೂ ಬದಲಾಗುತ್ತದೆ.

ಬೆರಕೆ ಅನ್ನುವುದು ಬರೀ ಕಾಗದದ ಮೇಲಿನ ಚಿಂತೆಯಲ್ಲ. ಸ್ಟಾರ್‌ಲಿಂಕ್ ಎಂಬ ಕುಲಾಂತರಿ ಮೆಕ್ಕೆಜೋಳವನ್ನು ಅಮೆರಿಕ ಪಶು ಆಹಾರಕ್ಕೆ ಮಾತ್ರ ಒಪ್ಪಿತ್ತು. ಅದರಲ್ಲಿದ್ದ ಕೀಟನಾಶಕ ಪ್ರೋಟೀನು ಹೊಟ್ಟೆಯಲ್ಲಿ ಬೇಗ ಜೀರ್ಣವಾಗುವುದಿಲ್ಲ, ಮನುಷ್ಯರಿಗೆ ಅಲರ್ಜಿ ತರಬಹುದು ಎಂಬ ಅನುಮಾನವಿತ್ತು. 2000ರಲ್ಲಿ ಅದು ಅಂಗಡಿಯ ಟ್ಯಾಕೊ ತಿನಿಸಿನಲ್ಲಿ ಪತ್ತೆಯಾಯಿತು. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹೊಲ ದಾಟುತ್ತದೆ, ಕಾಳು ಗೋದಾಮಿನಲ್ಲಿ ಒಂದರೊಡನೊಂದು ಸೇರುತ್ತದೆ. ದನಕ್ಕೆ ಇದು, ಜನಕ್ಕೆ ಅದು ಎಂದು ಆದೇಶ ಹೊರಡಿಸಿದ ಮಾತ್ರಕ್ಕೆ ಕಾಳು ಬೇರೆಯಾಗಿ ನಿಲ್ಲುವುದಿಲ್ಲ. ಮುನ್ನೂರಕ್ಕೂ ಹೆಚ್ಚು ಉತ್ಪನ್ನಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ಅಲರ್ಜಿ ಆಯಿತೆಂದು ದೂರು ಕೊಟ್ಟವರ ರಕ್ತ ಪರೀಕ್ಷೆಯಲ್ಲಿ ಆ ಪ್ರೋಟೀನೇ ಕಾರಣ ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ದಾಖಲೆಯ ಸರಪಳಿ ಎಲ್ಲಿ ತುಂಡಾಗುತ್ತದೆ ಎಂಬುದು ಎಲ್ಲರಿಗೂ ಕಂಡಿತು.

ಸುರಕ್ಷಿತವಾಗಿದ್ದ ಮೇಲೆ ತಿಳಿಯಬೇಕಾದ ಅಗತ್ಯವೇನು ಎಂದು ಬೀಜದ ಕಂಪನಿಗಳ ಪರ ಇರುವವರು ಕೇಳುತ್ತಾರೆ. ಈ ವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಪಂಜರದ ಕೋಳಿಯ ಮೊಟ್ಟೆ ತಿಂದರೂ ಕಾಯಿಲೆ ಬರುವುದಿಲ್ಲ. ಆದರೂ ಆ ಅಂಕಿ ನೋಡಿ ಕೊಳ್ಳುವವರಿದ್ದಾರೆ. 1962ರ ಮಾರ್ಚ್ 15ರಂದು ಅಧ್ಯಕ್ಷ ಕೆನಡಿ ಅಮೆರಿಕದ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಸುರಕ್ಷತೆಯ ಹಕ್ಕು ಮತ್ತು ತಿಳಿಯುವ ಹಕ್ಕು ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸಿದ್ದರು. ಲೇಬಲ್ ಹಾಕಿದರೆ ಜನ ಹೆದರುತ್ತಾರೆ ಎಂಬ ಮಾತೂ ಅಷ್ಟು ಗಟ್ಟಿಯಲ್ಲ. 2016ರ ಜುಲೈನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯ ಕುಲಾಂತರಿ ಲೇಬಲನ್ನು ಕಡ್ಡಾಯ ಮಾಡಿತು. ಆಮೇಲೆ ಅಲ್ಲಿ ಕುಲಾಂತರಿ ಆಹಾರದ ಬಗೆಗಿನ ವಿರೋಧ ದೇಶದ ಉಳಿದ ಭಾಗಕ್ಕೆ ಹೋಲಿಸಿದರೆ ಶೇ. 19ರಷ್ಟು ಇಳಿಯಿತೆಂದು 2018ರ ಒಂದು ಅಧ್ಯಯನ ಹೇಳಿತು.

ಲೇಬಲ್ ಬೇಕು ಎನ್ನುವವರೂ ಎಲ್ಲವನ್ನೂ ಕೇಳುವುದಿಲ್ಲ ಅನ್ನಿ. ರಿಯೊ ರೆಡ್ ಎಂಬ ಕೆಂಪು ಗ್ರೇಪ್‌ಫ್ರೂಟ್ ತಳಿ ನ್ಯೂಟ್ರಾನ್ ವಿಕಿರಣದಿಂದ ಜೀನ್ ಕದಡಿ ಪಡೆದದ್ದು. ಹಣ್ಣಿನ ಮೇಲೆ ಆ ಸಂಗತಿ ಎಲ್ಲೂ ಇರುವುದಿಲ್ಲ. ಚೀಸ್ ಮಾಡಲು ಹಾಲು ಹೆಪ್ಪುಗಟ್ಟಿಸುವ ಕೈಮೊಸಿನ್ ಕಿಣ್ವವನ್ನು ಜೀನ್ ಸೇರಿಸಿದ ಸೂಕ್ಷ್ಮಜೀವಿಗಳಿಂದ ತೆಗೆಯುವ ವಿಧಾನಕ್ಕೆ 1990ರಲ್ಲೇ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಚೀಸ್ ಪೊಟ್ಟಣದ ಮೇಲೆ ಅದೂ ಇಲ್ಲ. ಕುಲಾಂತರಿ ಮೇವು ತಿಂದ ಹಸುವಿನ ಹಾಲಿಗೆ ಯುರೋಪಿನ ಕಟ್ಟುನಿಟ್ಟಿನ ನಿಯಮವೂ ಲೇಬಲ್ ಕೇಳುವುದಿಲ್ಲ. ಬೆಳೆಗೆ ಎಷ್ಟು ಸಲ ಕೀಟನಾಶಕ ಹೊಡೆದರು ಎಂಬುದನ್ನಂತೂ ಯಾರೂ ಬರೆಯುವುದಿಲ್ಲ. ಆಹಾರದಲ್ಲಿ ಉಳಿದ ಕೀಟನಾಶಕ ಮಿತಿಯೊಳಗಿದೆಯೇ ಎಂದು ನೋಡಿ ಸುಮ್ಮನಾಗುತ್ತಾರೆ. ಹೊಲದಲ್ಲಿ ದುಡಿದವರ ಮೈಮೇಲೆ ಎಷ್ಟು ಬಿತ್ತು ಎಂಬುದು ಆ ಮಿತಿಯ ಲೆಕ್ಕಕ್ಕೇ ಬರುವುದಿಲ್ಲ.

ಈಗ ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಂದಮೇಲೆ ಪ್ರಯೋಗಾಲಯದ ಕೈ ಇನ್ನಷ್ಟು ಕಟ್ಟಿಹೋಗಿದೆ. ಅದು ಹೊರಗಿನ ಜೀನ್ ಸೇರಿಸದೆ, ಇರುವ ಡಿಎನ್‌ಎಯಲ್ಲೇ ಒಂದೆರಡು ಅಕ್ಷರ ಬದಲಿಸಬಲ್ಲದು. ಅಂಥ ಬದಲಾವಣೆ ಪ್ರಕೃತಿಯಲ್ಲೂ ತಾನಾಗಿ ಆಗುತ್ತದೆ. ಬದಲಾದ ಅಕ್ಷರವನ್ನು ಪಿಸಿಆರ್ ತೋರಿಸಬಹುದು, ಬದಲಿಸಿದ್ದು ಮನುಷ್ಯನೋ ಬಿಸಿಲೋ ಎಂಬುದನ್ನು ತೋರಿಸಲಾರದು. ಜಪಾನಿನಲ್ಲಿ 2021ರಲ್ಲಿ ಮಾರಾಟಕ್ಕೆ ಬಂದ ಜೀನ್ ತಿದ್ದಿದ ಟೊಮೆಟೊ ಇಂಥದ್ದು. ಯುರೋಪಿಯನ್ ಆಯೋಗ 2023ರ ಜುಲೈನಲ್ಲಿ ಮುಂದಿಟ್ಟ ಪ್ರಸ್ತಾವದ ಪ್ರಕಾರ, ಇಂಥ ಸಣ್ಣ ತಿದ್ದುಪಡಿಯ ತಳಿಗಳ ಬೀಜದ ಚೀಲದ ಮೇಲೆ ಗುರುತು ಇರಬೇಕು, ಅದರಿಂದ ಬಂದ ಆಹಾರದ ಮೇಲೆ ಬೇಕಾಗಿಲ್ಲ. ಅಂದರೆ ಬಿತ್ತುವವರಿಗೆ ಗೊತ್ತಿರುತ್ತದೆ, ತಿನ್ನುವವರಿಗೆ ಗೊತ್ತಿರುವುದಿಲ್ಲ.